ಒಂದೆಲಗದ ಕೊಸರು

ಸೊಪ್ಪು ಮಾರುವ ಸುಬ್ಬಲಕ್ಷ್ಮಮ್ಮನ ಬಾಯಿ ದೊಡ್ಡದು, ಕೈ ಬಿಗಿ. ಮಲ್ಲೇಶ್ವರದ ಹೆಂಗಸರೆಲ್ಲ ಒಪ್ಪುವ ಮಾತಿದು. ಮೆಂತ್ಯದ ಕಟ್ಟಿನ ಮೇಲೆ ನಾಲ್ಕು ಕಡ್ಡಿ ಕೊಸರು ಹಾಕಿಯಾಳು. ಒಂದೆಲಗಕ್ಕೆ ಮಾತ್ರ, ದೇವರೇ ಬಂದು ಕೇಳಿದರೂ ಒಂದೆಲೆ ಜಾಸ್ತಿ ಇಲ್ಲ. ಮೂವತ್ತು ವರ್ಷದಿಂದ ಮತ್ತಿಕೆರೆಯಾಚೆ ಮಳೆನೀರು ನಿಲ್ಲುವ ಕುಂಟೆಯಂಚಿನ ಕೆಸರಲ್ಲಿ ಕೂತು, ಬೇರು ಅಲುಗದಂತೆ ಎಲೆ ಚಿವುಟಿ ತರುವವಳು. ಬೇರು ಕಿತ್ತರೆ ನಾಳೆ ಮಣ್ಣು ತಿನ್ನೋದಾ ಎನ್ನುತ್ತಿದ್ದಳು.

ಖಾಯಂ ಗಿರಾಕಿ ಕಾವೇರಮ್ಮ. ಅವರ ಯಜಮಾನರು ಚಕ್ರಪಾಣಿ, ಸರ್ಕಾರಿ ಸರ್ವೇಯರ್, ಮಹಾ ಮರೆಗುಳಿ. ಜ್ಞಾಪಕಶಕ್ತಿಗೆಂದು, ಬೇಸಿಗೆಯ ಎರಡು ತಿಂಗಳು ಬಿಟ್ಟರೆ, ದಿನಾ ಒಂದೆಲಗದ ಚಟ್ನಿ. ತಿಂದರೂ ಛತ್ರಿ ಬಸ್ಸಿನಲ್ಲೇ ಉಳಿಯುತ್ತಿತ್ತು, ಆ ಮಾತು ಬೇರೆ.

ತೊಂಬತ್ತೆಂಟರ ಜೂನಿನಲ್ಲಿ ಕುಂಟೆಯ ಹತ್ತಿರ ಲಾರಿ ಮೇಸ್ತ್ರಿ ಕಾಣಿಸಿಕೊಂಡ. ಸರ್ವೇಯಲ್ಲಿ ಇದು ಖಾಲಿ ಜಾಗ ಎಂದಿದೆ, ಸೋಮವಾರದಿಂದ ಮಣ್ಣು ತುಂಬಿಸುತ್ತೇವೆ ಎಂದ. ಬರೆದವರು ಯಾರೆಂದು ಕೇಳಿದರೆ, ಚಕ್ರಪಾಣಿ! ಮೇ ತಿಂಗಳಲ್ಲಿ ಬಂದು ಬಿರುಕು ಬಿಟ್ಟ ನೆಲ ನೋಡಿ ಹೋಗಿದ್ದರಂತೆ. ಕುಂಟೆ ಹೋದರೆ ಸುಬ್ಬಲಕ್ಷ್ಮಮ್ಮನ ಅನ್ನ ಹೋಯಿತು. ಕಪ್ಪೆ, ಕೊಕ್ಕರೆ, ನೀರುಕೋಳಿಗಳ ಮನೆಯೂ ಹೋಯಿತು. ಅತ್ತಳು. ಆಮೇಲೆ ಸಿಟ್ಟು ಬಂತು. ಅವಳಿಗೆ ಸಿಟ್ಟೇ ಚೆನ್ನಾಗಿ ಒಗ್ಗುತ್ತಿತ್ತು.

ಮರುದಿನ ಕಾವೇರಮ್ಮನ ಬಾಗಿಲಲ್ಲಿ ಬುಟ್ಟಿ ಇಳಿಸಲೇ ಇಲ್ಲ. ಇನ್ನು ಒಂದೆಲಗ ಇಲ್ಲ ಎಂದಳು. ಅವರು ಗಾಬರಿಯಾಗಿ ಗಂಡನನ್ನು ಕರೆದರು.

"ಅದು ಬೆಳೆಯೋ ಕುಂಟೇನೇ ನೀವು ಖಾಲಿ ಜಾಗ ಅಂತ ಬರೆದಿದ್ದೀರಂತಲ್ಲ ಸ್ವಾಮಿ," ಎಂದಳು ಸುಬ್ಬಲಕ್ಷ್ಮಮ್ಮ.

ಚಟ್ನಿಯ ಸೊಪ್ಪು ಬರುವುದು ಅಲ್ಲಿಂದ ಎಂದು ಚಕ್ರಪಾಣಿಗೆ ಗೊತ್ತೇ ಇರಲಿಲ್ಲ. ತಾವು ಹೋದಾಗ ಒಂದು ಹನಿ ನೀರಿರಲಿಲ್ಲ ಎಂದು ಗೊಣಗಿದರು.

"ಬೇಸಿಗೇಲಿ ಅದು ಮಲಗಿರುತ್ತೆ. ನೀವು ಮಲಗಿದ್ದಾಗ ಬಂದು, ಈ ಮನೇಲಿ ಯಾರೂ ಇಲ್ಲ ಅಂತ ನಾನು ಬರ್ಕೊಂಡು ಹೋದ್ರೆ ಒಪ್ತೀರಾ?"

ಕಾವೇರಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಚಕ್ರಪಾಣಿ ನಗಲಿಲ್ಲ. ಛತ್ರಿ ಮರೆತು, ಅಳತೆ ಟೇಪು ಹಿಡಿದು ಅವಳ ಹಿಂದೆಯೇ ಹೊರಟರು. ಹಿಂದಿನ ವಾರದ ಮಳೆಗೆ ಕುಂಟೆ ಮೊಣಕಾಲುದ್ದ ತುಂಬಿತ್ತು. ಇಳಿದವರ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಒಂಟಿ ಚಪ್ಪಲಿಯಲ್ಲೇ ಕಚೇರಿಗೆ ಹೋಗಿ, ಮೇಲಿನವರಿಂದ ಬೈಸಿಕೊಂಡು, ತಾವೇ ಬರೆದಿದ್ದ "ಖಾಲಿ ಜಾಗ" ಹೊಡೆದುಹಾಕಿ "ಕುಂಟೆ, ನೀರಿದೆ" ಎಂದು ಬರೆದರು. ಸೋಮವಾರ ಲಾರಿ ಬರಲಿಲ್ಲ.

ಮಂಗಳವಾರ ಬುಟ್ಟಿ ಇಳಿಯಿತು. ಕಾವೇರಮ್ಮ ಅಭ್ಯಾಸದಂತೆ ಕೊಸರು ಕೇಳುವ ಮೊದಲೇ ಸುಬ್ಬಲಕ್ಷ್ಮಮ್ಮ ಕಟ್ಟಿನ ಮೇಲೆ ಒಂದು ಹಿಡಿ ಒಂದೆಲಗ ಸುರಿದಳು.

"ಇದು ಸ್ವಾಮಿಯೋರಿಗೆ. ಬರೋ ಬೇಸಿಗೇಲೂ ಜ್ಞಾಪಕ ಇರ್ಲಿ."