ರಂಗಲಕ್ಷ್ಮಮ್ಮ ಕೂಗದ ಆಟ

ಹಿಂದೂಪುರದ ನೇಕಾರರ ಬೀದಿಯಲ್ಲಿ ರಂಗಲಕ್ಷ್ಮಮ್ಮನ ಗಂಟಲು ಹೆಸರುವಾಸಿ. ಸಂಜೆ ಮೈದಾನದಲ್ಲಿ ಫುಟ್‌ಬಾಲ್ ಶುರುವಾದರೆ ಅವಳ ಕೂಗು ರೈಲ್ವೆ ಗೇಟಿನವರೆಗೂ ಕೇಳುತ್ತಿತ್ತು. ಗಂಡ ಆಡುತ್ತಿದ್ದ ಕಾಲಕ್ಕೆ ಹಿಡಿದ ಹುಚ್ಚು, ಗಂಡ ಹೋದ ಮೇಲೂ ಬಿಡಲಿಲ್ಲ. ಮಗ್ಗದಿಂದ ಎದ್ದು, ಸೆರಗಿಗೆ ಅಂಟಿದ ರೇಷ್ಮೆ ಎಳೆಗಳನ್ನು ಕೊಡವುತ್ತಲೇ ಹೋಗಿ ಗೆರೆಯ ಪಕ್ಕ ಕೂರುತ್ತಿದ್ದಳು.

ಈಗ ಅವಳ ಆಸೆಯೆಲ್ಲ ಪಕ್ಕದ ಮನೆಯ ವೆಂಕಟೇಶಪ್ಪನ ಮೇಲೆ. ಅವನು ಅವಳ ಮಗ್ಗದ ಜೊತೆಗಾರನೂ ಹೌದು. ದೊಡ್ಡ ಅಂಚಿನ ಸೀರೆಗೆ ಇಬ್ಬರು ಬೇಕು. ಒಬ್ಬರು ನೇಯುತ್ತಾರೆ, ಇನ್ನೊಬ್ಬರು ಅಂಚಿನ ಬಳಿ ಕೂತು ಅದರ ಬಣ್ಣದ ನೂಲು ಸುತ್ತಿದ ಲಾಳಿ ಹಾಕುತ್ತಾರೆ. ನೇಯುವವಳು ‘ಹಾಕು’ ಅಂದಾಗ ಹಾಕಬೇಕು. ತಲೆ ಎತ್ತಿದರೆ ಎಳೆ ತಪ್ಪುತ್ತದೆ. ಚಿಕ್ಕಂದಿನಿಂದ ಹಾಗೆ ಪಳಗಿದ ವೆಂಕಟೇಶಪ್ಪ ಮೈದಾನದಲ್ಲೂ ಬಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ರಂಗಲಕ್ಷ್ಮಮ್ಮ ‘ಎಡಕ್ಕೆ ಹಾಕು’ ಎಂದು ಕೂಗಿದರೆ ಚೆಂಡು ಎಡಕ್ಕೆ, ‘ಬಲಕ್ಕೆ’ ಎಂದರೆ ಬಲಕ್ಕೆ. ಬೀದಿಗೆಲ್ಲ ಅದೊಂದು ಹೆಮ್ಮೆ.

ಎಂಬತ್ತಾರರ ಬೇಸಿಗೆಯಲ್ಲಿ ಕಲ್ಯಾಣದುರ್ಗದಲ್ಲಿ ಜಿಲ್ಲಾ ತಂಡದ ತರಬೇತಿ ಶಿಬಿರ ನಡೆದಾಗ ಅವನಿಗೂ ಕರೆ ಬಂತು. ವಾರ ಕಳೆಯುವಷ್ಟರಲ್ಲಿ ಟೀ ಅಂಗಡಿಯ ಕದಿರಣ್ಣ ಹೋಗಿ ನೋಡಿಕೊಂಡು ಬಂದು, ಮುಖ ಸಣ್ಣ ಮಾಡಿಕೊಂಡು ಮಗ್ಗದ ಮುಂದೆ ನಿಂತ. ವೆಂಕಟೇಶಪ್ಪ ಚೆಂಡು ಸಿಕ್ಕರೆ ಕಲ್ಲುಕಂಬದ ಹಾಗೆ ನಿಂತುಬಿಡುತ್ತಾನಂತೆ. ತರಬೇತಿಯ ಶಂಕರಯ್ಯ ಮೇಷ್ಟ್ರು ಬೇಸತ್ತಿದ್ದಾರಂತೆ. ಭಾನುವಾರದ ಆಟ ನೋಡಿ ಕೆಲವರನ್ನು ಮನೆಗೆ ಕಳಿಸುತ್ತಾರಂತೆ. ಬೀದಿಯವರನ್ನೆಲ್ಲ ಕರೆದೊಯ್ಯಲು ಕದಿರಣ್ಣ ಆಗಲೇ ಲಾರಿ ಗೊತ್ತು ಮಾಡಿದ್ದ.

"ನೀನು ಬಂದು ಕೂಗಿದ್ರೆ ಸಾಕು ಅಕ್ಕಯ್ಯ, ಅವ್ನು ಗೆದ್ಬುಡ್ತಾನೆ."

ವೆಂಕಟೇಶಪ್ಪನ ಜಾಗದಲ್ಲಿ ಅವನ ತಂಗಿ ಬನಶಂಕರಿ ಕೂತಿದ್ದಳು. ರಂಗಲಕ್ಷ್ಮಮ್ಮ ‘ಹಾಕು’ ಅಂದಳು, ಲಾಳಿ ಬಂತು. ಮುಂದಿನ ಸಲ ಬೇಕೆಂದೇ ಅನ್ನಲಿಲ್ಲ. ಬನಶಂಕರಿ ಲಾಳಿ ಹಿಡಿದು, ತಲೆ ಬಗ್ಗಿಸಿಯೇ ಕಾಯುತ್ತಿದ್ದಳು. ಆ ಬಗ್ಗಿದ ತಲೆಯನ್ನು ರಂಗಲಕ್ಷ್ಮಮ್ಮ ಬಹಳ ಹೊತ್ತು ನೋಡಿದಳು. ಕಲ್ಯಾಣದುರ್ಗದಲ್ಲಿ ಅವನೂ ಹೀಗೇ ಕಾಯುತ್ತಿದ್ದಾನೆ.

"ಹೋಗಾಣ ಕಣಪ್ಪ," ಅಂದಳು. "ಆದ್ರೆ ಯಾರೂ ಕೂಗಂಗಿಲ್ಲ."

"ಕೂಗ್ದಿದ್ರೆ ಹೋಗೋದ್ಯಾಕೆ? ನಾವೇನು ಸಾವಿನ ಮನೆಗೆ ಹೋಗ್ತಿದೀವಾ?"

"ನಾಳೆ ಊರೂರಿಗೆ ಆಡಕ್ಕೋದ್ರೆ ನನ್ನ ಗಂಟ್ಲು ಹೊತ್ಕೊಂಡು ಹೋಯ್ತಾನೇನಪ್ಪ ಅವ್ನು?"

ಭಾನುವಾರ ಲಾರಿ ಇಳಿದವರಿಗೆಲ್ಲ ಅವಳು ಒಂದೊಂದು ಹಿಡಿ ಬೊರುಗು, ಅಂದರೆ ಮಂಡಕ್ಕಿ, ಹಂಚಿದಳು. ಯಾರಿಗೆ ಕೂಗಬೇಕು ಅನ್ನಿಸುತ್ತದೋ ಅವರು ಬಾಯಿಗೆ ತುಂಬಿಕೊಳ್ಳಬೇಕು, ಅಷ್ಟೇ. ಅರ್ಧ ಆಟದೊಳಗೆ ಕದಿರಣ್ಣನ ಪಾಲು ಮುಗಿದು, ಅವನು ಪಕ್ಕದವರ ಮಡಿಲಿಗೆ ಕೈ ಹಾಕುತ್ತಿದ್ದ.

ವೆಂಕಟೇಶಪ್ಪ ಅವರನ್ನು ಕಂಡು ನಕ್ಕಿದ್ದ. ಚೆಂಡು ಸಿಕ್ಕಿದಾಗ ಕಿವಿಯನ್ನು ಈ ಕಡೆ ಕೊಟ್ಟು ನಿಂತ. ಸದ್ದಿಲ್ಲ. ಚೆಂಡು ಕಸಿದುಕೊಂಡರು. ಮತ್ತೊಮ್ಮೆಯೂ ಹಾಗೇ ಆಯಿತು. ಶಂಕರಯ್ಯ ಮೇಷ್ಟ್ರು ತಲೆ ಕೊಡವಿದರು. ರಂಗಲಕ್ಷ್ಮಮ್ಮ ಉಳಿದ ಬೊರುಗನ್ನೆಲ್ಲ ಬಾಯಿಗೆ ತುರುಕಿಕೊಂಡಳು.

ಮೂರನೆಯ ಸಲ ಚೆಂಡು ಬಂದಾಗ ಅವನು ಅವಳತ್ತ ಮುಖ ತಿರುಗಿಸಿಯೇ ಬಿಟ್ಟ. ಉಬ್ಬಿದ ಕೆನ್ನೆಯ ಅವಳು ಕೈಯನ್ನೂ ಆಡಿಸದೆ ಆಚೆಯ ಗೋಲಿನ ಕಡೆ ನೋಡಿದಳು. ಅವಳ ನೋಟದ ಹಿಂದೆಯೇ ಅವನ ತಲೆ ಎದ್ದಿತು. ಬಲಗಡೆ ಅವನದೇ ಕಡೆಯ, ಬೆಳುಗುಪ್ಪ ಊರಿನವನೊಬ್ಬ ಒಂಟಿಯಾಗಿ ಓಡುತ್ತಿದ್ದ. ಚೆಂಡು ಅಂಚಿಗೆ ಹಾಕಿದ ಲಾಳಿಯಂತೆ ಇಬ್ಬರು ಎದುರಾಳಿಗಳ ನಡುವೆ ತೂರಿಹೋಯಿತು. ಬೆಳುಗುಪ್ಪದವನು ಒದ್ದದ್ದು ಕಂಬಕ್ಕೆ ಬಡಿದು ಹೊರಗೆ ಹೋಯಿತು ನಿಜ. ಆದರೆ ವೆಂಕಟೇಶಪ್ಪ ಆಮೇಲೆ ತಲೆ ಬಗ್ಗಿಸಲಿಲ್ಲ. ಈ ಕಡೆ ತಿರುಗಲೂ ಇಲ್ಲ.

ಆಟ ಮುಗಿದ ಮೇಲೆ ಮೇಷ್ಟ್ರು ಅವನ ಬೆನ್ನು ತಟ್ಟಿ, "ಇಂಕೊ ವಾರಂ ಉಂಡು, ಚೂದ್ದಾಂ," ಅಂದರು ತೆಲುಗಿನಲ್ಲಿ, ಇನ್ನೊಂದು ವಾರ ಇರು, ನೋಡೋಣ ಎಂದು. ತಂಡಕ್ಕೆ ಸೇರಿಸಿಕೊಂಡೆ ಅನ್ನಲಿಲ್ಲ. ಮನೆಗೆ ಹೋಗು ಎಂದೂ ಅನ್ನಲಿಲ್ಲ. ಅವನು ಓಡಿಬಂದು, ಯಾಕತ್ತೆ ಒಂದು ಮಾತೂ ಆಡಲಿಲ್ಲ ಎಂದು ಕೇಳಿದ. ರಂಗಲಕ್ಷ್ಮಮ್ಮನ ಬಾಯಲ್ಲಿ ಇನ್ನೂ ಬೊರುಗಿತ್ತು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು, ಅಷ್ಟೇ.