ತವರಿನ ಮಾತು ಸಾಲಿನಲ್ಲಿತ್ತು

ಬೊಂಬಾಯಿಗೆ ಬಂದ ಹೊಸದರಲ್ಲಿ ಒಬ್ಬ ಹೆಂಗಸಿಗೆ ಫೋನಿನಲ್ಲಿ ನಮಸ್ಕಾರ ಹೇಳಿ, ಹೆಸರು ಹೇಳಿ, ಊರು ಹೇಳಿ, ಕೊರಟಗೆರೆಗೆ ಒಂದು ಟ್ರಂಕ್ ಕಾಲ್ ಬರೆದುಕೊಳ್ಳಿ ತಾಯಿ ಎಂದು ವಿನಯವಾಗಿ ಕೇಳಿಕೊಂಡೆ. ಆಕೆ ನನ್ನ ಮಾತಿನ ನಡುವೆಯೇ ಬಾಯಿ ಹಾಕಿದಳು. ನೀವು ಸಾಲಿನಲ್ಲಿದ್ದೀರಿ, ದಯವಿಟ್ಟು ಕಾಯಿರಿ ಎಂದು ಮೊದಲು ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಹೂಂ ಎಂದೆ. ಆಕೆ ಮತ್ತೆ ಅದನ್ನೇ ಹೇಳಿದಳು, ನಾನು ಮತ್ತೆ ಹೂಂಗುಟ್ಟಿದೆ. ಫೋನು ಇದ್ದದ್ದು ಔಷಧಿ ಅಂಗಡಿಯಲ್ಲಿ. ಅದರ ಮಾಲೀಕ, ಗುಜರಾತಿ ಶೇಟ್, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅದು ಟೇಪು ಮಾಸ್ತರ್, ಆ ಕಡೆ ಯಾರೂ ಇಲ್ಲ ಎಂದ.

ಯಾರೂ ಇಲ್ಲದ ಕಡೆಯಿಂದ ಮಾತು ಬರುತ್ತದೆ ಎನ್ನುವುದು ನನಗೆ ಸಮುದ್ರಕ್ಕಿಂತ ದೊಡ್ಡ ವಿಚಿತ್ರವಾಗಿ ಕಂಡಿತು. ನಮ್ಮ ಕಡೆ ಫೋನೆತ್ತಿದರೆ ಎಕ್ಸ್‌ಚೇಂಜಿನಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ. ಕೊಳಾಲದ ಅಕ್ಕಿ ಗಿರಣಿ ಕೊಡಿ ಎಂದರೆ, ಸಾಹುಕಾರರು ಮಧುಗಿರಿಗೆ ಹೋಗಿದ್ದಾರೆ, ಸಂಜೆ ಮಾಡಿ ಎಂದು ತಾನೇ ಹೇಳುತ್ತಿದ್ದ. ಅವನು ಕದ್ದು ಕೇಳಿಸಿಕೊಳ್ಳುತ್ತಾನೆಂದು ಜನ ಬೈಯುತ್ತಿದ್ದರು. ಕೇಳಿಸಿಕೊಳ್ಳುವ ಒಂದು ಕಿವಿಯಾದರೂ ಅಲ್ಲಿತ್ತಲ್ಲ ಎಂದು ಈಗ ಅನ್ನಿಸುತ್ತದೆ.

ನಾನು ನಿಡುಗಲ್ ಬೆಟ್ಟದ ಕೆಳಗಿನ ಕುರಿ ಸಾಕುವ ಮನೆಯವನು. ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿನ ಒಂದು ಕನ್ನಡ ಶಾಲೆಗೆ ಮೇಷ್ಟ್ರಾಗಿ ಬಂದೆ. ಪರೇಲಿನ ಚಾಳಿನಲ್ಲಿ ಒಂದು ಖೋಲಿ ಸಿಕ್ಕಿತು. ಚಾಳೆಂದರೆ ಒಂದೇ ಉದ್ದನೆಯ ಪಡಸಾಲೆಗೆ ಬಾಗಿಲು ತೆರೆಯುವ ಕೋಣೆಗಳ ಕಟ್ಟಡ, ಖೋಲಿಯೆಂದರೆ ಆ ಕೋಣೆ. ಪಾವಗಡದ ಕಡೆಯವನಾದ್ದರಿಂದ ತೆಲುಗು, ಕನ್ನಡ ಎರಡರಲ್ಲೂ ಬೈಸಿಕೊಂಡು ಬೆಳೆದಿದ್ದೆ, ಮರಾಠಿ ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಊಟ. ರಾಗಿಗೆ ಇಲ್ಲಿ ನಾಚಣಿ ಎನ್ನುತ್ತಾರೆ. ನಾಚಣಿ ಹಿಟ್ಟು ಕೇಳಿದರೆ ಅಂಗಡಿಯವನು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದ. ನಾನೇ ಎಂದೆ. ಅದೇನೂ ಸುಳ್ಳಾಗಿರಲಿಲ್ಲ.

ಅಪ್ಪ ಅವ್ವ ಬೇಗ ಹೋದರು. ನನ್ನನ್ನು ಸಾಕಿದವಳು ಅಕ್ಕ, ಈರಕ್ಕ. ಅವಳನ್ನು ಕೊಳಾಲಕ್ಕೆ ಕೊಟ್ಟಿತ್ತು. ಹಬ್ಬದ ದಿನ ಗಿರಣಿಗೆ ಬಂದು ನನ್ನ ಫೋನಿಗೆ ಕಾಯುತ್ತಿದ್ದಳು. ಸಿಕ್ಕಿದಾಗ ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು. ಮುದ್ದೆ ಉಣ್ತೀಯೇನ್ಲಾ ಎಂದು ಕೇಳುವಳು, ಉಣ್ತೀನಿ ಎನ್ನುವೆನು. ಲೈನು ಕಟ್ಟಾಗುತ್ತಿತ್ತು. ಅಷ್ಟಕ್ಕೇ ಒಂದು ವಾರ ಖೋಲಿಯಲ್ಲಿ ನೆಮ್ಮದಿಯಾಗಿರುತ್ತಿದ್ದೆ.

ಹೀಗೆ ಏಳೆಂಟು ವರ್ಷ ಕಳೆದ ಮೇಲೆ ಒಂದು ಮಳೆಗಾಲದ ಬೆಳಗ್ಗೆ ಭಾವನಿಂದ ತಂತಿ ಬಂತು. ಅಕ್ಕ ತೀರಿಕೊಂಡಿದ್ದಾಳೆ, ಬರುತ್ತೀಯೋ ಇಲ್ಲವೋ ತಕ್ಷಣ ಗಿರಣಿಗೆ ಫೋನ್ ಮಾಡು ಎಂದಿತ್ತು.

ಫೋನ್ ಯಾಕೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆತನಗಳಲ್ಲಿ ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ತವರಿನವರು ಬರಲಾಗದಿದ್ದರೆ, ನನ್ನ ಹೆಸರಿನಲ್ಲಿ ಒಂದು ಸೀರೆ ತಂದು ಹಾಕಿ ಎಂದು ಮಾತು ಕಳಿಸಿದರೂ ನಡೆಯುತ್ತದೆ. ಆದರೆ ಆ ಮಾತು ತವರಿನವರ ಬಾಯಿಂದಲೇ ಬರಬೇಕು. ಈರಕ್ಕನಿಗೆ ತವರು ಅಂತ ಉಳಿದಿದ್ದವನು ನಾನೊಬ್ಬನೇ. ಎರಡು ದಿನದ ದಾರಿ, ಹೆಣ ಅಷ್ಟು ಹೊತ್ತು ಕಾಯುವುದಿಲ್ಲ. ಒಂದು ಮಾತು ತಲುಪಿಸಿದರೆ ಸಾಕಿತ್ತು.

ರಸ್ತೆಯಲ್ಲಿ ಮೊಣಕಾಲುದ್ದ ನೀರು. ತಂತಿ ನೋಡಿ ಶೇಟ್ ಫೋನನ್ನು ನನ್ನ ಮುಂದಕ್ಕೆ ಸರಿಸಿದ. ಟ್ರಂಕ್ ಕಾಲ್ ಬರೆಸುವ ನಂಬರು ತಿರುಗಿಸಿದೆ. ನೀವು ಸಾಲಿನಲ್ಲಿದ್ದೀರಿ, ದಯವಿಟ್ಟು ಕಾಯಿರಿ. ಕಾದೆ. ನಮ್ಮೂರಿನ ಸಾಲಿನಲ್ಲಾದರೆ ಮುಂದಿನವನ ಬೆನ್ನು ಕಾಣುತ್ತದೆ, ಸ್ವಲ್ಪ ದಾರಿ ಬಿಡಪ್ಪ, ಮನೆಯಲ್ಲಿ ಹೆಣ ಇದೆ ಎಂದರೆ ಎಂಥವನೂ ಸರಿದು ನಿಲ್ಲುತ್ತಾನೆ. ಈ ಸಾಲಿಗೆ ಬೆನ್ನೂ ಇರಲಿಲ್ಲ, ಮುಖವೂ ಇರಲಿಲ್ಲ. ಮಳೆಗೆ ಲೈನು ಕಟ್ಟಾಗುತ್ತಿತ್ತು. ಮತ್ತೆ ತಿರುಗಿಸಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಿತ್ತು. ಅದೇ ಹೆಂಗಸು, ಅದೇ ಮೂರು ಭಾಷೆ, ಪ್ರತಿಸಲವೂ ಅದೇ ದಯೆ. ಮಧ್ಯಾಹ್ನದ ಹೊತ್ತಿಗೆ ನಾನು ಆಕೆಯನ್ನು ಬಾಯಿಗೆ ಬಂದಂತೆ ಬೈದೆ. ಔಷಧಿಗೆ ಬಂದವರು ಹಿಂದೆ ಸರಿದು ನಿಂತರು. ಆಮೇಲೆ ಬೈಗುಳವೂ ಮುಗಿದು ಊರಿನ ಮಾತು ಬಂತು.

"ತಾಯಿ, ನಮ್ಮಕ್ಕ ಸತ್ತೋಗವ್ಳೆ. ಒಂದೇ ಒಂದ್ ಮಾತು ಯೋಳ್ಬೇಕು. ಆಮ್ಯಾಕೆ ನಿನ್ ತಂಟೆಗೇ ಬರಾಕಿಲ್ಲ."

ಅದು ಟೇಪು ಎಂದು ಚೆನ್ನಾಗಿ ಗೊತ್ತಿದ್ದೇ ಹಾಗೆ ಬೇಡಿಕೊಂಡೆ. ಆಕೆ ಕಾಯಿರಿ ಎಂದಳು. ಶೇಟ್ ನನ್ನ ಕೈಯಿಂದ ಫೋನು ತೆಗೆದಿಟ್ಟು, ಮಗುವಿಗೆ ಕುಡಿಸುವ ಹಾಗೆ ನೀರು ಕುಡಿಸಿದ.

ತಂತಿಯನ್ನೂ ಕೊಟ್ಟೆ. ಅದು ಕೊರಟಗೆರೆ ಮುಟ್ಟಿ, ಅಲ್ಲಿಂದ ಸೈಕಲ್ಲಿನಲ್ಲಿ ಕೊಳಾಲಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದು ಆಮೇಲೆ ತಿಳಿಯಿತು. ದಾದರಿನಲ್ಲಿ ಒಂದು ಹಸಿರು ಸೀರೆ ಕೊಂಡು ಅದೇ ಸಂಜೆ ರೈಲು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಕೊಳಾಲ ಮುಟ್ಟಿದ್ದು ಮೂರನೆಯ ದಿನ, ಅಕ್ಕನನ್ನು ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡುವ ಹೊತ್ತಿಗೆ. ಭಾವ ನನ್ನನ್ನು ಬೈಯಲಿಲ್ಲ. ಕೈಯಲ್ಲಿದ್ದ ಸೀರೆಯ ಅಂಚನ್ನು ಮುಟ್ಟಿ ನೋಡಿದ.

"ಗಿರಣಿ ತಾವ್ಲೇ ಕುಂತಿದ್ದೆ ಕಣಪ್ಪ. ಗಂಟೆ ಬಡ್ಕಂಡಾಗೆಲ್ಲ ಎದ್ ಎದ್ ನಿಂತೆ. ನಿನ್ ಮಾತು ಬರ್ಲೇ ಇಲ್ಲ."

ನನಗೆ ತಂತಿ ಬಂದ ಮಾರನೆಯ ದಿನ ಬಿಸಿಲೇರುವ ತನಕ ಕಾದಿದ್ದರಂತೆ. ಎಕ್ಸ್‌ಚೇಂಜಿನವನು ಊಟಕ್ಕೂ ಏಳದೆ ಲೈನು ನೋಡಿಕೊಂಡಿದ್ದನಂತೆ. ಕೊನೆಗೆ ಮುದುಕಿಯರು, ತವರಿನ ಮಾತಿಲ್ಲ, ಇನ್ನು ಇಟ್ಟುಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದರಂತೆ. ಗಂಡನ ಮನೆಯ ಸೀರೆ ಹೊದಿಸಿ, ತವರಿಲ್ಲದವಳನ್ನು ಕಳಿಸುವ ಹಾಗೆ ಕಳಿಸಿದರು. ನಾನು ಬದುಕಿದ್ದೆ. ಆ ಹೊತ್ತಿಗೆ ಗುಂತಕಲ್ಲಿನ ಆಚೆ ಎಲ್ಲೋ ಕಿಟಕಿ ಪಕ್ಕದಲ್ಲಿ ಕೂತಿದ್ದೆ.

ಸತ್ತವಳಿಗೆಂದು ಕೊಂಡ ಸೀರೆಯನ್ನು ಬದುಕಿರುವವರು ಉಡುವಂತಿಲ್ಲ. ಭಾವ ಅದನ್ನು ಮಣ್ಣಿನ ಗುಡ್ಡೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟ. ನಾನು ಹಾಲು ಬಿಟ್ಟೆ. ಹಸಿರು ಬಟ್ಟೆ ಒದ್ದೆಯಾಗಿ ಮಣ್ಣಿಗೆ ಅಂಟಿಕೊಂಡಿತು. ಅಳು ಬಂತು, ತಡೆದುಕೊಳ್ಳಲಿಲ್ಲ.

ಹೊರಡುವ ದಿನ ಬಸ್ಸಿನ ತನಕ ಬಂದವಳು ಅಕ್ಕನ ಮಗಳು ರತ್ನ. ನಾನು ಬೊಂಬಾಯಿಗೆ ಹೊರಟಾಗ ಅಕ್ಕನ ಸೆರಗು ಹಿಡಿದು ನಿಂತಿದ್ದ ಹುಡುಗಿ, ಆಗಲೇ ಲಂಗ ದಾವಣಿ ಉಡುವಷ್ಟು ದೊಡ್ಡವಳಾಗಿದ್ದಳು. ಹೊರಡುವವರು ಹೋಗುತ್ತೇನೆ ಎನ್ನುವುದು ನಮ್ಮಲ್ಲಿಲ್ಲ, ಬತ್ತೀನಿ ಎನ್ನಬೇಕು. ನಾನೂ ಹಾಗೆಯೇ ಬಾಯಿ ತೆರೆದೆ. ಅವಳು ತಡೆದಳು.

"ಬತ್ತೀನಿ ಅನ್ಬ್ಯಾಡ ಮಾವ. ಹೋಯ್ತೀನಿ ಅಂತ್ಲೇ ಅಂದ್ಬುಟ್ಟು ಹೋಗು. ಬತ್ತೀನಿ ಅಂದ್ರೆ ನಾವು ಕಾಯ್ಕಂಡ್ ಕುಂತಿರ್ತೀವಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುತ್ತಿದ್ದಳು. ಹೋಗುತ್ತೇನೆ ಎಂದರೆ ನನಗೆ ಊರೆಂಬುದು ಅಲ್ಲಿಗೆ ಮುಗಿಯಿತು, ಉಳಿಯುವುದು ಆ ಖೋಲಿ. ಬರುತ್ತೇನೆ ಎನ್ನೋಣವೆಂದರೆ ಯಾವ ಮುಖ ಹೊತ್ತು? ಅವಳು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ಬಸ್ಸು ಬಂತು. ಏನನ್ನೂ ಹೇಳದೆ ಹತ್ತಿಕೊಂಡೆ. ಇವತ್ತಿಗೂ ಹೇಳಿಲ್ಲ.