‘ಬಂದ್ರಾ?’ ಅನ್ನುವ ಒಂದು ಮಾತು

ಈವತ್ತು ಬೆಳಗ್ಗೆಯೂ ಎಂದಿನಂತೆ ಐದೂಮುಕ್ಕಾಲಿಗೆ ಎದ್ದೆ. ಡಿಕಾಕ್ಷನ್ ಇಳಿಯಲು ಬಿಟ್ಟು, ಮೊದಲ ಮಹಡಿಯ ನಮ್ಮ ಬಾಗಿಲಿಗೆ ನೀರು ಚಿಮುಕಿಸಿ, ಅಂಗೈಯಗಲದ ರಂಗೋಲಿ ಎಳೆದು ಒಳಗೆ ಬಂದರೆ ನಮ್ಮನೆಯವರು ಆಗಲೇ ಸಿದ್ಧ. ಗಡ್ಡ ಹೆರೆದಾಗಿದೆ. ಇಸ್ತ್ರಿ ಮಾಡಿದ ಅಂಗಿ ಪ್ಯಾಂಟಿನೊಳಗೆ ಸೇರಿದೆ. ಬೆಲ್ಟು ಬಿಗಿದಿದೆ. ಹೋಗುವುದಕ್ಕೆ ಮಾತ್ರ ಎಲ್ಲೂ ಇಲ್ಲ. ಅವರು ನಿವೃತ್ತರಾಗಿ ಹನ್ನೊಂದು ತಿಂಗಳಾಯಿತು. ಆ ಸುದ್ದಿಯನ್ನು ಬೆಲ್ಟಿಗೆ ಇನ್ನೂ ಯಾರೂ ಮುಟ್ಟಿಸಿಲ್ಲ.

ಉಪ್ಪಿಟ್ಟು ಬಡಿಸುತ್ತಾ ನಾನೊಂದು ಸುಳ್ಳು ಹೇಳಿದೆ.

“ರೀ, ಕುಕ್ಕರ್ ಗ್ಯಾಸ್ಕೆಟ್ ಹೋಗ್ಬಿಟ್ಟಿದೆ. ಶಿವಾಜಿನಗರಕ್ಕೆ ಹೋಗಿ ತಂದುಬಿಡ್ತೀರಾ?”

“ಗ್ಯಾಸ್ಕೆಟ್‌ಗೆ ಶಿವಾಜಿನಗರ ಯಾಕೆ? ಇಲ್ಲೇ ಹಲಸೂರಲ್ಲಿ ಸಿಗಲ್ವಾ?”

“ಇಲ್ಲಿಂದು ಕೂರೋದೇ ಇಲ್ಲ. ಉಸ್ ಅಂತ ಗಾಳಿ ಬಿಡುತ್ತೆ.”

ಗಾಳಿ ಬಿಟ್ಟಿದ್ದು ನಾನು. ಹೊಸ ಗ್ಯಾಸ್ಕೆಟ್ ಒಂದು ಅಕ್ಕಿ ಡಬ್ಬದ ಹಿಂದೆ ಬೆಚ್ಚಗೆ ಕೂತಿತ್ತು. ಕಾನ್ವೆಂಟ್ ಶಾಲೆಯಲ್ಲಿ ಕ್ರಿಶ್ಚಿಯನ್ ಗೆಳತಿಯರು ಪಾಪನಿವೇದನೆಗೆ ಸಾಲು ನಿಲ್ಲುವಾಗ ನನಗೂ ಆ ಸಾಲಿನಲ್ಲಿ ನಿಲ್ಲುವ ಆಸೆಯಾಗುತ್ತಿತ್ತು. ಆದರೆ ಹೇಳಿಕೊಳ್ಳುವಂಥ ಪಾಪ ಒಂದೂ ಇರಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಈಗ ಒಂದು ಸಿಕ್ಕಿದೆ. ನೀವಾದರೂ ಕೇಳಿಸಿಕೊಳ್ಳಿ.

ಇವರು ಮೂವತ್ಮೂರು ವರ್ಷ ಸಿ.ವಿ. ರಾಮನ್ ನಗರದ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುತ್ತಿದ್ದರು. ಬೆಳಗ್ಗೆ ಎಂಟೂಹತ್ತಕ್ಕೆ ಹೊಸ್ತಿಲಲ್ಲಿ ನಿಂತು “ಬರ್ತೀನಿ” ಅನ್ನುತ್ತಿದ್ದರು. ಸಂಜೆ ಐದೂನಲವತ್ತಕ್ಕೆ ಕರೆಗಂಟೆ ಎರಡು ಸಲ, ಚಿಕ್ಕದಾಗಿ. ನಾನು ಬಾಗಿಲು ತೆಗೆದು “ಬಂದ್ರಾ?” ಅನ್ನುತ್ತಿದ್ದೆ. ಅವರು “ಬಂದೆ” ಅನ್ನುತ್ತಿದ್ದರು. ಇಷ್ಟೇ. ಮೂವತ್ಮೂರು ವರ್ಷ ನಮ್ಮ ದಾಂಪತ್ಯ ಈ ಮೂರು ಮಾತುಗಳ ಮೇಲೆ ನಿಂತಿತ್ತು ಎಂಬುದು, ಮೂರೂ ಹೋದ ಮೇಲೆ ತಿಳಿಯಿತು.

ಯೋಚಿಸಿ ನೋಡಿದರೆ “ಬಂದ್ರಾ?” ಎಷ್ಟು ಪೆದ್ದು ಪ್ರಶ್ನೆ! ಮನುಷ್ಯ ಚಪ್ಪಲಿ ಬಿಡುತ್ತಾ ಎದುರಿಗೇ ನಿಂತಿದ್ದಾನೆ, ಬಾರದೆ ಮತ್ತೇನು? ಇನ್ನು “ಬರ್ತೀನಿ” ಎಂದು ಹೇಳಿ ಹೋಗುವುದಂತೂ ನಮ್ಮ ಕಡೆಯವರಿಗೇ ಸಾಧ್ಯ. ಐದನೇ ಕ್ಲಾಸಿನಲ್ಲಿ ಒಂದು ಸಂಜೆ ಗೇಟಿನ ಬಳಿ ನಮ್ಮ ಇಂಗ್ಲಿಷ್ ಸಿಸ್ಟರ್‌ಗೆ “ಸಿಸ್ಟರ್, ಐ ವಿಲ್ ಗೋ ಅಂಡ್ ಕಮ್” ಎಂದು ವಿನಯದಿಂದ ಹೇಳಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, ಈಗ ಹೋಗುವುದಷ್ಟೇ ಸಾಕು ಮಗೂ, ಬರುವುದನ್ನು ನಾಳೆ ನೋಡೋಣ ಎಂದಿದ್ದರು. ಆ ಮಹಾತಾಯಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತಿತ್ತು, ನಮ್ಮ ಬೀದಿ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ತಮಿಳಿನವರು “ಪೋಯ್ಟು ವರೇನ್” ಅನ್ನುತ್ತಾರೆ, ಮಸೀದಿ ಪಕ್ಕದ ಮನೆಯವರು “ಜಾಕೋ ಆತೂಂ” ಅನ್ನುತ್ತಾರೆ. ಮೂರು ಭಾಷೆಯಲ್ಲೂ ಸುಮ್ಮನೆ ಹೋಗುವವರು ಯಾರೂ ಇಲ್ಲ. ಎಲ್ಲರೂ ಹಿಂದಿರುಗುವ ಮಾತು ಕೊಟ್ಟೇ ಮೆಟ್ಟಿಲಿಳಿಯುವುದು. ಸಂಜೆಯ “ಬಂದ್ರಾ?” ಆ ಮಾತು ಉಳಿಯಿತೆಂದು ಒಪ್ಪಿಕೊಳ್ಳುವ ರೀತಿ ಇರಬೇಕು.

ಹಾಗೆಂದು ಇವರು ಮನೆಯಲ್ಲಿರುವುದು ನನಗೆ ಹಿಂಸೆಯೇನಲ್ಲ. ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ ಚೀಟಿ ಅಂಟಿಸಿದ್ದಾರೆ, ನಕ್ಷೆಯ ಅಕ್ಷರಗಳಲ್ಲಿ. ‘ಮೆಂತ್ಯ’ ಎಂಬುದು ಅಷ್ಟು ಅಂದವಾಗಿ ಕಂಡದ್ದು ಇದೇ ಮೊದಲು. ಸಾಸಿವೆ ಹುಡುಕಲು ನನಗೆ ಕನ್ನಡಕ ಬೇಕಾಯಿತು, ಅದು ಬೇರೆ ಮಾತು. ತೊಂದರೆಯಾದದ್ದು ಅವರ ಇನ್ನೊಂದು ಉಪಕಾರದಿಂದ. ನಿವೃತ್ತಿಯ ಮರುವಾರವೇ ಬಾಗಿಲಿಗೆ ಇನ್ನೊಂದು ಕೀ ಮಾಡಿಸಿಕೊಂಡು ಬಂದರು. “ನಾನು ಹಾಲು, ಪೇಪರು ಅಂತ ಹತ್ತು ಸಲ ಹೊರಗೆ ಹೋಗಿ ಬರೋನು. ನೀನು ಮಂಡಿ ನೋವಲ್ಲಿ ಎದ್ದೆದ್ದು ಯಾಕೆ ಬರ್ತೀಯ ಜಯಾ?” ಅಂದರು. ಕರೆಗಂಟೆ ಅಂದೇ ಮೌನವಾಯಿತು. ಈಗ ತಿರುಗಿ ನೋಡಿದರೆ ಕುರ್ಚಿಯಲ್ಲಿ ಇರುತ್ತಾರೆ. ಯಾವಾಗ ಹೋದರು, ಯಾವಾಗ ಬಂದರು, ತಿಳಿಯುವುದೇ ಇಲ್ಲ. ದಿನವಿಡೀ ಜೊತೆಯಲ್ಲೇ ಇರುವವರಿಗಾಗಿ ಕಾಯುವುದು ಹೇಗೆ ಹೇಳಿ? ಐದೂಕಾಲಿಗೆ ಮುಖ ತೊಳೆದು, ತಲೆ ಬಾಚಿ, ಹಾಲು ಬಿಸಿಗಿಟ್ಟು ಕಿವಿ ಬಾಗಿಲಿಗಿಡುತ್ತಿದ್ದ ಆ ಇಪ್ಪತ್ತೈದು ನಿಮಿಷ ನನ್ನ ಕೈಯಿಂದ ಜಾರಿಹೋಯಿತು. ಇದನ್ನು ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆ. ಇವರಿಗೆ ಹೇಳಿದರೆ ತಮ್ಮಿಂದ ತೊಂದರೆಯಾಯಿತೆಂದು ನೊಂದುಕೊಳ್ಳುತ್ತಾರೆ. ಅದಕ್ಕೇ ಗ್ಯಾಸ್ಕೆಟ್.

ತಿಂಡಿಯಾದ ಮೇಲೆ ಹಳೆಯ ಗ್ಯಾಸ್ಕೆಟ್ಟನ್ನು ಮೇಜಿನ ಮೇಲಿಟ್ಟು ಅಡ್ಡಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡರು. ಎರಡು ಸಲ ಹಿಗ್ಗಿಸಿ, ಬೆಳಕಿಗೆ ಹಿಡಿದು ನೋಡಿದರು. ನನ್ನತ್ತ ಒಮ್ಮೆ ನೋಡಿ, ಚೀಟಿ ಮಡಿಚಿ ಜೇಬಿಗಿಟ್ಟರು. ಹೊಸ್ತಿಲಲ್ಲಿ ನಿಂತು, ಎಷ್ಟೋ ಕಾಲದ ಮೇಲೆ, “ಬರ್ತೀನಿ” ಅಂದರು.

ಮಧ್ಯಾಹ್ನ ಒಂದು ಗಂಟೆಗೆ ಫೋನು. “ಇಲ್ಲೇ ಊಟ ಮಾಡ್ತೀನಿ, ಕಾಯ್ಬೇಡ. ಇನ್ನೂ ಅಂಗಡಿ ನೋಡ್ಬೇಕು.” ಒಂದು ರಬ್ಬರ್ ಬಳೆಗೆ ಎಷ್ಟು ಅಂಗಡಿ! ಒಬ್ಬಳೇ ತಟ್ಟೆ ಹಾಕಿಕೊಂಡು ಕೂತೆ. ಸಾರು ರುಚಿಯಾಗಿಯೇ ಇತ್ತು, ಆದರೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹೇಳುವವರಿರಲಿಲ್ಲ. ಎರಡಾಯಿತು, ಮೂರಾಯಿತು. ನಾಲ್ಕಕ್ಕೆ ಬಾಲ್ಕನಿಗೆ ಹೋಗಿ ಬೀದಿ ನೋಡಿ ಬಂದೆ. ಈ ಬಿಸಿಲಲ್ಲಿ, ಅರವತ್ತು ದಾಟಿದ ಮನುಷ್ಯನನ್ನು, ಇಲ್ಲದ ತೊಂದರೆಗೆ ಅಲೆಸುತ್ತಿದ್ದೇನಲ್ಲ! ಫೋನ್ ಮಾಡಿ ಎಲ್ಲ ಒಪ್ಪಿಕೊಂಡುಬಿಡೋಣ ಎಂದು ಎರಡು ಸಲ ಕೈಗೆತ್ತಿಕೊಂಡೆ. ಎರಡು ಸಲವೂ ಕೆಳಗಿಟ್ಟೆ. ಐದೂಕಾಲಿಗೆ ಕಾಲುಗಳು ತಾವಾಗಿಯೇ ಬಚ್ಚಲಿಗೆ ಹೋದವು. ಮುಖ ತೊಳೆದೆ. ತಲೆ ಬಾಚಿದೆ. ಹಾಲು ಬಿಸಿಗಿಟ್ಟೆ. ಕೀ ಇದೆ, ಕರೆಗಂಟೆ ಒತ್ತುವುದಿಲ್ಲ, ಸುಮ್ಮನೆ ಆಸೆಪಡಬೇಡ ಎಂದು ಹಾಲಿಗೆ ಹೇಳಿದೆ.

ಐದೂನಲವತ್ತು. ಕರೆಗಂಟೆ ಎರಡು ಸಲ, ಚಿಕ್ಕದಾಗಿ.

ಬಾಗಿಲು ತೆಗೆದೆ. ಕಾಗದದ ಪೊಟ್ಟಣ ಹಿಡಿದು ನಿಂತಿದ್ದರು.

“ಬಂದ್ರಾ?”

“ಬಂದೆ.”

ಕಾಫಿ ಕುಡಿದೆವು. ಕೀ ಎಲ್ಲಿ ಎಂದು ನಾನು ಕೇಳಲಿಲ್ಲ. ಮರೆತು ಹೋಗಿರಬೇಕು, ನನ್ನ ಅದೃಷ್ಟ ಎಂದುಕೊಂಡೆ. ಅಕ್ಕಿ ಡಬ್ಬದ ಹಿಂದೆ ಈಗ ಎರಡು ಹೊಸ ಗ್ಯಾಸ್ಕೆಟ್.

ಏಳು ಗಂಟೆಗೆ ಸೆಲ್ವಿ ಅಕ್ಕ ಬಂದರು. ಕೆಳಗಿನ ಮನೆಯವರು, ಓಣಿಯ ಕಡೆಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾರೆ. ನಮ್ಮ ಬಾಲ್ಕನಿಗೆ ಆ ಬದಿ ಕಾಣುವುದಿಲ್ಲ. ಬಿಗಿಯಾಗಿದ್ದ ನನ್ನ ರವಿಕೆಯನ್ನು ಸಡಿಲಿಸಿ ತಂದಿದ್ದರು.

“ತಗೊಳ್ಳಿ ಮೇಡಂ, ತೋಳು ಲೂಸ್ ಮಾಡಿದೀನಿ, ಇನ್ನು ಸ್ವೀಟ್ ತಿನ್ಬೋದು ನೀವು,” ಎಂದು ನಗುತ್ತಾ ಮೆಟ್ಟಿಲಿಳಿಯತೊಡಗಿದವರು ಅರ್ಧದಲ್ಲಿ ತಿರುಗಿದರು. “ಅಯ್ಯೋ, ಮಧ್ಯಾಹ್ನ ಎಲ್ಲಿ ಹೋಗಿದ್ರಿ? ಪಾಪ ನಿಮ್ಮ ಸಾರ್, ಮೂರು ಗಂಟೆಯಿಂದ ನನ್ನ ಸ್ಟೂಲ್ ಮೇಲೆ ಕೂತಿದ್ರು. ಐದೂನಲವತ್ತಾಯ್ತಾ, ಆಯ್ತಾ ಅಂತ ನಾಕು ಸಲ ಕೇಳಿದ್ರು. ಮೇಡಂ ಬೀಗ ಹಾಕ್ಕೊಂಡು ಹೋಗಿದಾರೇನೋ ಅಂದ್ಕೊಂಡೆ ನಾನು. ನೋಡಿದ್ರೆ, ಕೀ ಕೈಯಲ್ಲೇ ಆಡಿಸ್ತಾ ಕೂತಿದಾರೆ!”